ಹ್ಯಾಂಡಲ್ ಮೇಲೆ ತೇಲಿ ಬಂದ ಮುಖ

ಸಂಜೆ ಕಪ್ಪಾಗುತ್ತಿದ್ದಂತೆ ಕಾಲುವೆ ಸೇತುವೆ ದಾಟಲು ನಮ್ಮ ಬೀದಿಯವರು ಹಿಂದೆಮುಂದೆ ನೋಡುತ್ತಿದ್ದರು. ಮಣ್ಣು ಹಾಸಿದ ಆ ಸೇತುವೆಗೆ ಒಂದು ಬದಿ ತಡೆಗೋಡೆ ಇದೆ. ಇನ್ನೊಂದು ಬದಿಯದು ಎಂದೋ ಕುಸಿದು ಹೋಗಿದೆ. ಆದರೆ ಜನ ಹೆದರುತ್ತಿದ್ದದ್ದು ಅದಕ್ಕಲ್ಲ. ಅಲ್ಲಿ ಒಂದು ಮುಖ ಬರುತ್ತದೆ ಎಂಬ ಮಾತಿಗೆ.

ಬರೀ ಮುಖ. ಕುತ್ತಿಗೆ ಇಲ್ಲ, ಮೈ ಇಲ್ಲ. ಗಲ್ಲದ ಕೆಳಗಿನಿಂದ ಬೆಳಕು, ಕಣ್ಣಿದ್ದ ಕಡೆ ಎರಡು ಕಪ್ಪು ಗುಳಿ. ಆಳೆತ್ತರದಲ್ಲಿ ತೇಲುತ್ತ ಬರುತ್ತದೆ, ಯಾರನ್ನೂ ನೋಡುವುದಿಲ್ಲ, ಸದ್ದಿಲ್ಲದೆ ಪಕ್ಕದಲ್ಲೇ ಹಾದುಹೋಗುತ್ತದೆ. ಕಂಡವರು ಓಡುವ ಭರದಲ್ಲಿ ಎಡವಿ ಮಂಡಿ ಒಡೆದುಕೊಳ್ಳುತ್ತಿದ್ದರು.

ಬೀದಿಯ ಟೈಲರಮ್ಮನಿಗೆ ಈ ಸುದ್ದಿ ಕೇಳಿದಾಗಿನಿಂದ ಹೊಲಿಗೆ ನೆಟ್ಟಗೆ ಬೀಳುತ್ತಿರಲಿಲ್ಲ. ಅವಳ ಮಗಳು ಕಾಲುವೆಯಾಚೆಯ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸಕ್ಕೆ ಹೋಗುತ್ತಾಳೆ. ಸೈಕಲ್ಲಿನಲ್ಲಿ ವಾಪಸು ಬರುವುದು ಸರಿಯಾಗಿ ಆ ಹೊತ್ತಿಗೇ.

"ಏನೇ, ನಿನಗೆ ಅದು ಕಂಡಿದೆಯಾ?"

"ಯಾವುದಮ್ಮ?"

"ಅದೇ ಕಣೇ... ಮುಖ."

"ಇಲ್ಲಪ್ಪ. ದಿನಾ ಅದೇ ದಾರೀಲಿ ಬರ್ತೀನಿ. ಎಲ್ಲರಿಗೂ ಕಾಣುತ್ತಂತೆ, ನನಗೊಬ್ಬಳಿಗೆ ಕಾಣಲ್ಲ." ಮಗಳು ನಕ್ಕಳು.

ತಾಯಿ ನಗಲಿಲ್ಲ. ಬೀದಿಗೆಲ್ಲ ಕಂಡದ್ದು ಇವಳಿಗೊಬ್ಬಳಿಗೆ ಕಾಣುವುದಿಲ್ಲ ಎಂದರೆ, ಅದು ಇವಳಿಗಾಗಿಯೇ ಹೊಂಚು ಹಾಕಿದೆಯೇನೋ!

ಮರುದಿನವೇ ಹ್ಯಾಂಡಲ್ ನಡುವೆ ಫೋನ್ ಸ್ಟ್ಯಾಂಡ್ ಬಂತು. ದಾರಿಯುದ್ದಕ್ಕೂ ಕರೆ ಮಾಡುತ್ತಿರಬಹುದಲ್ಲ. ಲೈಟು ಇದ್ದ ಜಾಗವನ್ನು ಸ್ಟ್ಯಾಂಡ್ ನುಂಗಿತು. ಲೈಟನ್ನು ಅದರ ಪಕ್ಕಕ್ಕೆ ರಬ್ಬರ್ ಬ್ಯಾಂಡಿನಿಂದ ಕಟ್ಟಿದರು. ಆಮೇಲೆ ನೀರಿನ ಬಾಟಲಿ. ಆಮೇಲೆ ಕೊಡೆ, ಯಾರಾದರೂ ಬಂದರೆ ಬೀಸಲಿಕ್ಕೆ. ಊಟದ ಡಬ್ಬಿಯ ಚೀಲ ಮೊದಲಿನಿಂದಲೂ ಇತ್ತು. ಅದರ ಮೇಲೆ ಟೈಲರಮ್ಮ ತಾನೇ ಹೊಲಿದ ಕರಿ ಬಟ್ಟೆಯ ದೊಡ್ಡ ಚೀಲವನ್ನೂ ತೂಗುಹಾಕಿದಳು. ಅದರೊಳಗೆ ಒಂದು ಸೀಟಿ.

"ಅಮ್ಮಾ, ಕೈ ಇಡೋಕಾದ್ರೂ ಜಾಗ ಬಿಡು!"

"ಕೈ ಎಲ್ಲಾದ್ರೂ ಇಟ್ಕೋ. ಮೊದಲು ಜೀವ ನೋಡ್ಕೋ."

ವಿಚಿತ್ರವೆಂದರೆ, ಹ್ಯಾಂಡಲ್ ತುಂಬಿದಷ್ಟೂ ಸೇತುವೆಯ ಮೇಲಿನ ಮುಖದ ಸುದ್ದಿ ಹೆಚ್ಚುತ್ತ ಹೋಯಿತು. ಮುಂಚೆ ಮಸುಕಾಗಿ ಕಾಣುತ್ತಿತ್ತಂತೆ. ಈಗ ಹಲ್ಲೂ ಕಾಣುತ್ತದಂತೆ.

ಒಂದು ಸಂಜೆ ಟೈಲರಮ್ಮನ ಗಂಡನೇ ಮೊಣಕೈ ತರಚಿಕೊಂಡು ಬಂದ. ಅವನು ಪ್ಲಂಬರ್. ದೆವ್ವ ಗಿವ್ವ ಎಂದರೆ ನಗುವವನು. ಅಂದು ಅವನ ಮುಖ ಸುಣ್ಣದಂತಾಗಿತ್ತು.

"ಕಾಲು ಜಾರ್ತು, ಅಷ್ಟೇ," ಎಂದ.

ಪಕ್ಕದ ಮನೆಯ ನರ್ಸಕ್ಕ ಬಂದು ಗಾಯ ತೊಳೆದಳು. "ಅಣ್ಣಾ, ನನ್ನ ಹತ್ರ ಸುಳ್ಳು ಯಾಕೆ? ಏನು ಕಂಡಿತು ಹೇಳಿ."

ಅವನು ಬಾಗಿಲ ಕಡೆ ನೋಡಿದ. ಮಗಳು ಒಳಗೆ ಕೈಕಾಲು ತೊಳೆಯುತ್ತಿದ್ದಳು. "ಎದುರಿಗೇ ಬಂತು ತಾಯಿ," ಎಂದು ಪಿಸುಗುಟ್ಟಿದ. "ಅದು ಹೆಣ್ಣು. ಅಯ್ಯೋ ಪಾಪ ಅನ್ನಿಸೋ ಹಾಗಿತ್ತು. ಆದ್ರೂ ನಿಲ್ಲೋಕಾಗಲಿಲ್ಲ."

ನರ್ಸಕ್ಕ ಪಟ್ಟಿ ಸುತ್ತಿ ಮುಗಿಸಿದಳು. ಆಮೇಲೆ, "ಬಿದ್ದವರೆಲ್ಲ ನನ್ನ ಹತ್ರಾನೇ ಬರ್ತಾರೆ ಟೈಲರಮ್ಮ. ಎಲ್ಲರದ್ದೂ ಒಂದೇ ಮಾತು, ಒಂದೇ ಹೊತ್ತು. ನಿಮ್ಮ ಮಗಳಿಗೆ ರಜಾ ಇದ್ದ ದಿನ ಒಬ್ಬರೂ ಬೀಳಲ್ಲ," ಎಂದಳು.

"ಅಕ್ಕಾ! ನನ್ನ ಮಗಳನ್ನ ದೆವ್ವ ಅಂತೀರಾ?"

"ಮಗಳನ್ನಲ್ಲ. ಅವಳ ಸೈಕಲ್ಲನ್ನ ಎದುರಿಂದ ನೋಡಿದ್ದೀರಾ?"

"ದಿನಾ ನಾನೇ ಒರೆಸ್ತೀನಿ."

"ಕತ್ತಲಲ್ಲಿ? ಅವಳು ಮೇಲೆ ಕೂತಿದ್ದಾಗ?"

ಟೈಲರಮ್ಮ ಅಂಗಳದಲ್ಲಿದ್ದ ಸೈಕಲ್ಲಿನ ಕಡೆ ನೋಡಿದಳು. "ಇರೋ ಒಂದು ಲೈಟನ್ನೂ ತೆಗೀರಿ ಅಂತೀರೇನೋ," ಎಂದು ಗೊಣಗಿದಳು.

ಮರುದಿನ ಸಂಜೆ ನರ್ಸಕ್ಕ ಅವಳನ್ನು ಎಳೆದುಕೊಂಡೇ ಸೇತುವೆಗೆ ಹೋದಳು. ಗಾಳಿ ಇರಲಿಲ್ಲ. ಕಾಲುವೆಯ ನೀರು ಎಲ್ಲಿ ಮುಗಿದು ಕತ್ತಲೆ ಎಲ್ಲಿ ಶುರುವಾಗುತ್ತದೆ ಎಂಬುದೂ ತಿಳಿಯುತ್ತಿರಲಿಲ್ಲ.

ಆಚೆ ತುದಿಯಲ್ಲಿ ಮುಖ ಕಾಣಿಸಿತು.

ಅದು ತೇಲಿ ಬರುತ್ತಿತ್ತು. ಕೆಳಗೆ ಏನೂ ಇರಲಿಲ್ಲ, ಬರೀ ಕಪ್ಪು. ತಲೆ ತಗ್ಗಿಸಿ ತನ್ನ ಎದೆಯನ್ನೇ ನೋಡಿಕೊಳ್ಳುತ್ತಿರುವಂತಿತ್ತು. ಹತ್ತಿರ ಬಂದಾಗ ಅದು ಕೆಳತುಟಿ ಕಚ್ಚಿಕೊಂಡದ್ದು ಕಂಡಿತು. ಸೂಜಿಗೆ ದಾರ ಪೋಣಿಸುವಾಗ ಟೈಲರಮ್ಮ ಕಚ್ಚಿಕೊಳ್ಳುವುದೂ ಹಾಗೆಯೇ.

"ಅಯ್ಯೋ, ಮಗಳೇ!"

ಆ ಕೂಗಿಗೆ ಮಗಳು ಬೆಚ್ಚಿ ಬ್ರೇಕ್ ಒತ್ತಿದಳು. ಬ್ರೇಕ್ ಹಿಡಿ ಡಬ್ಬಿಗೆ ತಾಗಿ ಅರ್ಧಕ್ಕೇ ನಿಂತಿತು. ಬೆಲ್ ಒತ್ತಿದರೆ ಅದರ ಮೇಲೆ ಚೀಲದ ಪಟ್ಟಿ ಬಿಗಿದಿತ್ತು, ಟಕ್ ಎಂದಿತಷ್ಟೇ. ಹ್ಯಾಂಡಲ್ ತಿರುಗಿಸಹೋದಳು, ಬಾಟಲಿ ಅಡ್ಡ ಸಿಕ್ಕಿಕೊಂಡಿತು. ಸೈಕಲ್ ಗೋಡೆಯಿಲ್ಲದ ಬದಿಗೆ ವಾಲಿತು. ನರ್ಸಕ್ಕ ಹಾರಿ ಹಿಂದಿನ ಕ್ಯಾರಿಯರ್ ಹಿಡಿದು ಜಗ್ಗಿದಳು. ಮುಂದಿನ ಚಕ್ರದ ಕೆಳಗಿಂದ ಒಂದು ಮಣ್ಣಿನ ಹೆಂಟೆ ಜಾರಿತು. ನೀರಿಗೆ ಬಿದ್ದ ಸದ್ದು ತಡವಾಗಿ ಕೇಳಿಸಿತು.

ಮನೆಗೆ ಬಂದು ನೋಡಿದಾಗ ಎಲ್ಲ ತಿಳಿಯಿತು. ಊಟದ ಡಬ್ಬಿಯ ಉಬ್ಬಿದ ಚೀಲ ಮೊದಲಿನಿಂದಲೇ ಲೈಟಿನ ಹಿಂಭಾಗವನ್ನು ತಳ್ಳುತ್ತಿತ್ತು, ರಬ್ಬರ್ ಬ್ಯಾಂಡಿನಿಂದ ಕಟ್ಟಿದ ಮೇಲೆ ಅದನ್ನು ಪೂರ್ತಿ ಮೇಲ್ಮುಖ ಮಾಡಿತ್ತು. ಬೆಳಕೆಲ್ಲ ಮಗಳ ಮುಖಕ್ಕೆ ಹೊಡೆದು ಅವಳ ಕಣ್ಣು ಕುಕ್ಕುತ್ತಿತ್ತು, ರಸ್ತೆಗೆ ಒಂದು ಹನಿಯೂ ಇಲ್ಲ. ಅವಳ ಮೈಯನ್ನು ಮೊದಲು ಕತ್ತಲೆ, ಈಗ ಕರಿ ಚೀಲ ಮರೆಮಾಡಿತ್ತು.

"ನನ್ನ ಮಗಳನ್ನ ನಾನೇ ಗುರುತು ಹಿಡೀಲಿಲ್ಲವಲ್ಲ," ಎಂದ ತಂದೆ.

"ಆಯ್ತು, ಈಗ ಹ್ಯಾಂಡಲ್ ಖಾಲಿ ಮಾಡೋಣ," ಎಂದಳು ನರ್ಸಕ್ಕ. "ಕೈ, ಬ್ರೇಕ್, ಬೆಲ್. ಮೊದಲು ಇವಕ್ಕೆ ಜಾಗ. ಮಿಕ್ಕಿದ್ದೆಲ್ಲ ಆಮೇಲೆ."

ಡಬ್ಬಿ, ಬಾಟಲಿ, ಕೊಡೆ ಹಿಂದಿನ ಕ್ಯಾರಿಯರಿಗೆ ಹೋದವು. ಟೈಲರಮ್ಮ ಫೋನ್ ಸ್ಟ್ಯಾಂಡನ್ನು ಮಾತ್ರ ಬಿಡಲೊಲ್ಲಳು. "ಇದೊಂದು ಇರಲಿ ಅಕ್ಕಾ. ನಾನು ಫೋನ್ ಮಾಡಿದ್ದು ಅವಳಿಗೆ ಗೊತ್ತಾಗಬೇಡ್ವಾ?"

"ಅವಳು ತಲೆ ತಗ್ಗಿಸ್ತಿದ್ದದ್ದು ಯಾಕೆ ಅಂದ್ಕೊಂಡ್ರಿ? ನೀವು ಫೋನ್ ಮಾಡಿದ್ರೋ ಏನೋ ಅಂತ ನೋಡೋಕೆ."

ಟೈಲರಮ್ಮ ತಾನೇ ಸ್ಟ್ಯಾಂಡಿನ ಸ್ಕ್ರೂ ಬಿಚ್ಚಿದಳು. ಸೀಟಿಯನ್ನು ಮಗಳ ಕೊರಳಿಗೆ ಹಾಕಿದಳು.

ಲೈಟಿಗೆ ಎಲ್ಲಿ ಜಾಗ? ಸ್ಟ್ಯಾಂಡ್ ಹಾಕುವಾಗ ಅದರ ಹಳೆಯ ಹಿಡಿ ಮುರಿದುಹೋಗಿತ್ತು. ತಂದೆ ಒಂದು ಗೇಣು ಪೈಪಿನ ತುಂಡು ತಂದ. ಹಳೆ ಟ್ಯೂಬಿನ ಪಟ್ಟಿ ಸುತ್ತಿ, ಹ್ಯಾಂಡಲಿನ ಮುಂದೆ, ಸ್ವಲ್ಪ ಕೆಳಗೆ, ಅದನ್ನು ಅಡ್ಡಲಾಗಿ ಕ್ಲಾಂಪಿನಿಂದ ಬಿಗಿದ. ಬ್ರೇಕ್ ವೈರು ಒಳಗೆ ಸಿಕ್ಕದಂತೆ ಸರಿಸಿದ. ಲೈಟನ್ನು ಆ ಪೈಪಿಗೆ ಕೂರಿಸಿ ರಸ್ತೆಯ ಕಡೆ ಬಗ್ಗಿಸಿದ. "ಊರಿನವರ ಮನೆಗೆಲ್ಲ ನೀರು ತಿರುಗಿಸ್ತೀನಿ, ಒಂದು ಬೆಳಕು ತಿರುಗಿಸಕ್ಕಾಗಲ್ವಾ?" ಎಂದ. ಅಂಗಡಿಯಲ್ಲೂ ಇಂಥ ಅಡ್ಡಪಟ್ಟಿ ಸಿಗುತ್ತದೆ ಎಂದು ನರ್ಸಕ್ಕ ಹೇಳಿದಳು. ಹ್ಯಾಂಡಲನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ತಿರುಗಿಸಿ ನೋಡಿದಳು. ಎಲ್ಲೂ ತಾಗಲಿಲ್ಲ.

ಮರುದಿನ ಸಂಜೆ ಟೈಲರಮ್ಮ ಸೇತುವೆಯ ಬಳಿ ಕಾದಳು. ಮೊದಲು ರಸ್ತೆಯ ಮೇಲೆ ಬೆಳಕು ಬಂತು. ಆಮೇಲೆ ಬೆಲ್. ಆಮೇಲೆ ಇಡೀ ಮಗಳು.

ಸೇತುವೆಯ ನಡುವಿನಲ್ಲಿ ಮಗಳು ಸೈಕಲ್ ನಿಲ್ಲಿಸಿದಳು. "ಅಮ್ಮಾ, ಇಲ್ಲಿ ಬಾ."

ಬೆಳಕಿನಲ್ಲಿ ಕಂಡದ್ದು ಟೈರಿನ ಗೆರೆ. ಹಸಿ ಮಣ್ಣಿನಲ್ಲಿ ದಿನದಿನವೂ ಉರುಳಿ ಕೊರೆದದ್ದು. ಗೋಡೆಯಿಲ್ಲದ ಬದಿಯ ಅಂಚಿಗುಂಟ ಸಾಗಿತ್ತು. ಒಂದು ಕಡೆ ಗೆರೆ ಅಂಚಿನಾಚೆಗೆ ಹೋಗಿ ಮಾಯವಾಗಿ, ಮಾರು ದೂರದಲ್ಲಿ ಮತ್ತೆ ನೆಲಕ್ಕೆ ಬಂದಿತ್ತು. ಅಲ್ಲಿಯ ಮಣ್ಣು ಅವಳು ದಾಟಿದ ಮೇಲೆ ಕುಸಿಯಿತೋ, ಮೊದಲೇ ಕುಸಿದಿತ್ತೋ, ಇಬ್ಬರಿಗೂ ಹೇಳಲಾಗಲಿಲ್ಲ.

"ನಾನು ನಡುಮಧ್ಯೆ ಬರ್ತಿದ್ದೀನಿ ಅಂದ್ಕೊಂಡಿದ್ದೆ ಅಮ್ಮಾ," ಎಂದಳು ಮಗಳು. ತಾಯಿ ಅವಳ ಮುಂಗೈ ಹಿಡಿದುಕೊಂಡಳು. ಮನೆ ತಲುಪುವವರೆಗೂ ಬಿಡಲಿಲ್ಲ.

ಇದನ್ನು ಓದುತ್ತಿರುವ ತಾಯಂದಿರೇ, ತಂದೆಯರೇ, ನಮ್ಮ ಭಯವನ್ನೆಲ್ಲ ಮಕ್ಕಳ ಸೈಕಲ್ಲಿಗೆ ತೂಗುಹಾಕುವುದು ಬೇಡ. ಇಂದು ಸಂಜೆ ಸೈಕಲ್ಲನ್ನು ಅಂಗಳಕ್ಕೆ ತನ್ನಿ. ಮಗುವನ್ನು ಮೇಲೆ ಕೂರಿಸಿ, ಅಂಗಳದ ದೀಪ ಆರಿಸಿ, ಸೈಕಲ್ಲಿನ ಲೈಟು ಹಾಕಿ, ನೀವು ಹತ್ತು ಮಾರು ದೂರ ಎದುರಿಗೆ ನಿಲ್ಲಿ. ಬೆಳಕು ರಸ್ತೆಗೆ ಬೀಳುತ್ತಿದೆಯೇ? ಬ್ರೇಕ್ ಪೂರ್ತಿ ಹಿಡಿಯುತ್ತಿದೆಯೇ? ಬೆಲ್ ನಿಮಗೆ ಕೇಳಿಸಿತೇ? ಒಂದಾದರೂ ಇಲ್ಲವೆಂದರೆ, ನಾಳೆ ಬೆಳಿಗ್ಗೆ ಆ ಸೈಕಲ್ ಮನೆ ಬಿಡುವ ಮೊದಲು ಹ್ಯಾಂಡಲ್ ಖಾಲಿ ಮಾಡಿ.