ಹಿಂದಿನ ಸೀಟು

ಅಣ್ಣಿಗೇರಿ ಹತ್ತಿರದ ಹತ್ತಿ ಮಿಲ್ಲೊಂದರಲ್ಲಿ ರಮಜಾನ್ ಕಾಟಾ ಕ್ಲಾರ್ಕ್. ಟ್ರ್ಯಾಕ್ಟರ್ ಬಂದು ಕಾಟಾದ ಮೇಲೆ ನಿಂತರೆ ತೂಕ ಬರೆಯಬೇಕು, ಹತ್ತಿಯೊಳಗೆ ಮೀಟರಿನ ಸೂಜಿ ಚುಚ್ಚಿ ಹಸಿ ಎಷ್ಟಿದೆ ನೋಡಬೇಕು, ಅದನ್ನು ರೈತರಿಗೆ ಕೂಗಿ ಹೇಳಬೇಕು. ಹಸಿ ಹೆಚ್ಚಿದ್ದಷ್ಟೂ ತೂಕದಲ್ಲಿ ಕಡಿತ. ಮೀಟರು ಒಂಬತ್ತು ತೋರಿಸಿದರೆ ಅವನು ಹನ್ನೊಂದು ಅನ್ನಬೇಕಿತ್ತು. ಅದು ಮ್ಯಾನೇಜರ್ ಲಕ್ಷ್ಮಪ್ಪನ ಹುಕುಂ. ಲಕ್ಷ್ಮಪ್ಪ ಒಳಗೆ ಫ್ಯಾನಿನ ಕೆಳಗೆ ಕೂತಿರುತ್ತಿದ್ದ. ಬೈಗುಳವೆಲ್ಲ ಹೊರಗೆ ಬಿಸಿಲಲ್ಲಿ ನಿಂತ ರಮಜಾನನಿಗೆ.

ಮೂರು ವರ್ಷ ಅವನು ತಡೆದುಕೊಂಡಿದ್ದು ಸಂಜೆಯ ಅರ್ಧ ತಾಸಿನಿಂದ. ಐದೂವರೆಗೆ ಬೈಕಿಗೆ ಕಿಕ್ ಹೊಡೆದು ತನ್ನೂರು ಶಲವಡಿಯ ದಾರಿ ಹಿಡಿಯುತ್ತಿದ್ದ. ಊರು ದಾಟಿ ಕಪ್ಪು ಮಣ್ಣಿನ ಎರಿ ಹೊಲಗಳು ಶುರುವಾದ ಕೂಡಲೇ ಹೆಲ್ಮೆಟ್ಟಿನ ಗಾಜು ಇಳಿಸಿ ಬೈಯತೊಡಗುತ್ತಿದ್ದ. ಲಕ್ಷ್ಮಪ್ಪನನ್ನು, ಮಾಲಕನನ್ನು, ಮೀಟರನ್ನು, ತನ್ನನ್ನೇ. ಉರ್ದುವಿನಲ್ಲಿ ಸಾಲದಾದರೆ ಕನ್ನಡದಲ್ಲಿ. ಕಡಲೆ, ಕುಸುಬಿಯ ಹೊಲಗಳಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ. ಗಂಟಲು ಉರಿಯುವವರೆಗೂ ಒದರಿ ಮನೆಗೆ ಬಂದರೆ ಮಗಳ ಜೊತೆ ಕೇರಂ ಆಡುವಷ್ಟು ಹಗುರಾಗಿರುತ್ತಿದ್ದ.

ದಸರೆಯ ಹೊತ್ತಿಗೆ ಲಕ್ಷ್ಮಪ್ಪನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಅವನೂ ಶಲವಡಿಯವನೇ.

"ಡಾಕ್ಟರ್ ಗಾಡಿ ಹೊಡೀಬ್ಯಾಡ ಅಂದಾರ. ಹದಿನೈದ ದಿನ ನಿನ್ನ ಜೋಡೀನ ಬರ್ತೀನಿ," ಅಂದ.

"ಆತ್ರಿ ಸಾಹೇಬ್ರ," ಅಂದ ರಮಜಾನ್. ಬೇರೆ ಏನು ಅಂದಾನು?

ಕಣ್ಣು ನೆಟ್ಟಗಾದರೂ ಲಕ್ಷ್ಮಪ್ಪ ಹಿಂದಿನ ಸೀಟಿನಿಂದ ಇಳಿಯಲಿಲ್ಲ. ಸಂಕ್ರಾಂತಿ ಬಂತು. ಹತ್ತುವಾಗ ಭುಜದ ಮೇಲೆ ಇಟ್ಟ ಕೈ ಊರು ಮುಟ್ಟುವ ತನಕ ತೆಗೆಯುತ್ತಿರಲಿಲ್ಲ. "ಆ ತಗ್ಗು ನೋಡಲೇ" ಅನ್ನುತ್ತಿದ್ದ. ಫೋನಿನಲ್ಲಿ ಮಾತಾಡುತ್ತಿದ್ದ, ಫೋನಿಟ್ಟರೆ ನಾಳೆಯ ಕೆಲಸ ಹೇಳುತ್ತಿದ್ದ. ಅವನ ಬಾಯಿಯ ಅಡಿಕೆಯ ವಾಸನೆ ಹೆಲ್ಮೆಟ್ಟಿನೊಳಗೇ ಬರುತ್ತಿತ್ತು. ರಮಜಾನ್ ಹಲ್ಲು ಕಚ್ಚಿಕೊಂಡು ಗಾಡಿ ಹೊಡೆಯುತ್ತಿದ್ದ.

ಸಿಟ್ಟು ಈಗ ಮನೆಯವರೆಗೂ ಬರತೊಡಗಿತು. ಒಂದು ಸಂಜೆ ಪಲ್ಯಕ್ಕೆ ಉಪ್ಪು ಕಡಿಮೆಯೆಂದು ತಾಟು ಸರಿಸಿದ. ಇನ್ನೊಂದು ಸಂಜೆ ಮಗಳು ಕೇರಂ ಬೋರ್ಡು ತಂದಿಟ್ಟಾಗ ಅದನ್ನು ಎತ್ತಿ ಗೋಡೆಗೆ ಒಗೆದ. ಮಗಳು ಅಳಲೂ ಇಲ್ಲ, ಕಾಯಿಗಳನ್ನು ಆರಿಸಿಕೊಂಡು ಒಳಗೆ ಹೋದಳು.

ಹೆಂಡತಿ ಶಗುಫ್ತಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಮಿಲ್ಲಿನ್ಯಾಗ ಬಾಯಿ ಬರಾಂಗಿಲ್ಲ ನಿಮಗ, ಇಲ್ಲಿ ಮಾತ್ರ ಕೈ ಬರ್ತಾವ," ಅಂದಳು. "ಯಾರ ಮ್ಯಾಲ ಸಿಟ್ಟೈತಿ, ಅವರಿಗೆ ಒಗೀರಿ ಹೋಗ್ರಿ."

ಅದಾಗಿ ಮೂರನೇ ದಿನ ಮಲ್ಲಕ್ಕ ಹತ್ತಿ ತಂದಳು. ಐವತ್ತು ದಾಟಿದ ಹೆಣ್ಣುಮಗಳು, ಶಲವಡಿಯಲ್ಲಿ ಎಂಟು ಎಕರೆಯನ್ನು ತಾನೇ ನಿಂತು ಮಾಡಿಸುವವಳು. ಟ್ರ್ಯಾಕ್ಟರ್ ಹೊಡೆಯಲು ತಮ್ಮ ಮಾಂತೇಶ ಬಂದಿದ್ದ. ಮೀಟರು ಎಂಟು ತೋರಿಸಿತು. ರಮಜಾನ್ "ಹತ್ತು" ಎಂದು ಕೂಗಿದ.

"ಹತ್ತ? ನಾಲ್ಕ ದಿನ ಮಾಳಗಿ ಮ್ಯಾಲ ಒಣಗಿಸೀನಿ ಇದನ್ನ! ಕಣ್ಣ ಅದಾವೋ ಇಲ್ಲೋ ನಿನಗ?"

"ಮೀಟರ್ ತೋರಿಸಿದ್ದ ಹೇಳೀನ್ರಿ ಅಕ್ಕಾರ."

"ಕಳ್ಳ ಅದಿ ನೀ. ಮಾರಂಗಿಲ್ಲ ಹೋಗ್," ಎಂದು ಮಲ್ಲಕ್ಕ ತುಂಬಿದ ಟ್ರೇಲರನ್ನು ಹಾಗೆಯೇ ತಿರುಗಿಸಿದಳು. ಸಾಲಿನಲ್ಲಿ ನಿಂತ ರೈತರು ನಕ್ಕರು. ರಮಜಾನನ ಕಿವಿ ಬಿಸಿಯಾದವು.

ಸಂಜೆ ಲಕ್ಷ್ಮಪ್ಪನನ್ನು ಹಿಂದೆ ಕೂರಿಸಿಕೊಂಡು ಹೊರಟಾಗ ದಾರಿಯ ಅರ್ಧದಲ್ಲಿ ಆ ಟ್ರೇಲರು ಪಂಚರ್ ಆಗಿ ನಿಂತಿತ್ತು. ಮಾಂತೇಶ ಗಾಲಿ ತೆಗೆದುಕೊಂಡು ಊರಿಗೆ ಹೋಗಿದ್ದ. ಮಲ್ಲಕ್ಕ ಒಬ್ಬಳೇ ಹತ್ತಿಗೆ ಕಾವಲು ನಿಂತು ಕೈ ಮಾಡಿದಳು.

"ನಿಲ್ಲಿಸಬ್ಯಾಡ," ಅಂದ ಲಕ್ಷ್ಮಪ್ಪ. "ಆಕೀ ಬಾಯಿ ಸುಮಾರಲ್ಲ. ಜೋರ್ ಹೊಡಿ," ಎಂದು ಭುಜಕ್ಕೆ ಎರಡು ಬಾರಿ ತಟ್ಟಿದ, ಎತ್ತಿಗೆ ತಟ್ಟಿದ ಹಾಗೆ.

ರಮಜಾನ್ ಬ್ರೇಕ್ ಒತ್ತಿದ.

"ಇಳೀರಿ."

"ಏನಂದಿ?"

"ಇಳೀರಿ ಅಂದೆ! ಮೂರ ತಿಂಗಳಾತು, ನನ್ನ ಗಾಡಿ, ನನ್ನ ಪೆಟ್ರೋಲು, ನನ್ನ ಹೆಗಲು! ಇಳೀರಿ ಕೆಳಗ!" ಹೊಲದಲ್ಲಿ ಒಬ್ಬನೇ ಒದರುತ್ತಿದ್ದ ದನಿಯೇ ಅದು. ಎದುರಿಗಿದ್ದವನ ಮುಖದ ಮೇಲೆ ಬಿದ್ದದ್ದು ಇದೇ ಮೊದಲು. ಲಕ್ಷ್ಮಪ್ಪ ಗಡಬಡಿಸಿ ಇಳಿದ.

ಮಲ್ಲಕ್ಕ ಹತ್ತಿರ ಬಂದಳು. "ಏನಾತೋ ಕಳ್ಳರಿಗೆ? ಪಾಲು ಸರಿ ಬರಲಿಲ್ಲೇನು?"

ರಮಜಾನ್ ಹೆಲ್ಮೆಟ್ ಕಿತ್ತು ಪೆಟ್ರೋಲ್ ಟಾಕಿಯ ಮೇಲೆ ಕುಕ್ಕಿದ. "ನಿಮ್ಮ ಹತ್ತಿ ಎಂಟ ಇತ್ರೀ! ಹತ್ತಲ್ಲ, ಎಂಟು! ಎರಡ ಹೆಚ್ಚಿಗಿ ಹೇಳು ಅಂತ ಹೇಳಿದವರು ಇವರು. ದಿನಾ ಹೇಳ್ತಾರ. ನಾ ಕೂಗ್ತೀನಿ, ಎಲ್ಲಾರೂ ನನಗ ಬೈತಾರ!"

"ಹುಚ್ಚ ಹಿಡದೈತಿ ಇವಗ," ಅಂದ ಲಕ್ಷ್ಮಪ್ಪ.

ಮಲ್ಲಕ್ಕ ಅವನ ಕಡೆ ನೋಡಲೇ ಇಲ್ಲ. ರಮಜಾನನನ್ನೇ ನೋಡುತ್ತ ನಿಂತಳು. "ಹೋದ ವರ್ಷದ್ದು?"

"ಅದೂ ಹಂಗ ರೀ."

"ಅದರ ಹಿಂದಿನ ವರ್ಷ?"

ಅವನು ತಲೆ ತಗ್ಗಿಸಿದ.

ಅವಳ ಕೈ ಅವನ ಕೆನ್ನೆಗೆ ಬಿತ್ತು. "ಮೂರ ವರ್ಷ ಬಾಯಾಗ ಏನ್ ಇಟಗೊಂಡಿದ್ದಿ? ಈಗ ಇವನ ಮ್ಯಾಲ ಸಿಟ್ಟ ಬಂತಂತ ರಸ್ತ್ಯಾಗ ನಿಂತ ನನಗೊಬ್ಬಾಕಿಗೆ ಹೇಳ್ತಿ? ತಿರುಗಿಸು ಗಾಡಿ. ಮಿಲ್ಲಿಗೆ ಹೋಗೂಣು. ಅಲ್ಲಿ ನಿಂತವರ ಮುಂದ ಹೇಳು."

ಅಷ್ಟು ಹೇಳಿ ಸೀರೆ ಎತ್ತಿಕಟ್ಟಿ ಹಿಂದೆ ಹತ್ತಿ ಕೂತಳು. "ನೀವು ಹತ್ತಿ ಕಾಯ್ರಿ ಮ್ಯಾನೇಜರ್ ಸಾಹೇಬ್ರ. ಒಂದ ಎಳಿ ಕಡಿಮಿ ಆದ್ರ ನಿಮ್ಮ ಮನಿ ಬಾಗಲಿಗೆ ಬರ್ತೀನಿ."

ದಾರಿಯುದ್ದಕ್ಕೂ ಮಲ್ಲಕ್ಕ ಬೈದಳು. ಹತ್ತಿ ಬಿಡಿಸುವವರ ಕೈ ಸೀಳಿದ್ದು, ಔಷಧ ಹೊಡೆಯುವಾಗ ಮಾಂತೇಶ ತಲೆ ಸುತ್ತಿ ಬಿದ್ದದ್ದು, ಒಂದೊಂದನ್ನೂ ಹೇಳಿ ಹೇಳಿ ಬೈದಳು. ಆ ಬೈಗುಳದಲ್ಲಿ ರಮಜಾನನಿಗೆ ಸುಳ್ಳೆನಿಸುವ ಒಂದು ಮಾತೂ ಇರಲಿಲ್ಲ.

ಮಿಲ್ಲಿನಲ್ಲಿ ಮರುದಿನದ ತೂಕಕ್ಕೆ ಕಾಯುತ್ತ ಇನ್ನೂ ಆರು ಟ್ರ್ಯಾಕ್ಟರ್ ನಿಂತಿದ್ದವು. ಲಕ್ಷ್ಮಪ್ಪ ಆಗಲೇ ಫೋನು ಮಾಡಿದ್ದನೆಂದು ಕಾಣುತ್ತದೆ, ಮಾಲಕ ಕಾಟಾದ ಬಳಿಯೇ ಕಾಯುತ್ತಿದ್ದ. "ಒಳಗ ಬಾ, ಕುಂತ ಮಾತಾಡೂಣು," ಅಂದ. ರಮಜಾನ್ ಒಳಗೆ ಹೋಗಲಿಲ್ಲ. ಮೀಟರು ತೆಗೆದುಕೊಂಡು ಮೊದಲನೇ ಟ್ರೇಲರಿಗೆ ಸೂಜಿ ಚುಚ್ಚಿ, ಅದರ ಪರದೆಯನ್ನು ರೈತರ ಕಡೆ ತಿರುಗಿಸಿ ಹಿಡಿದ.

"ನೀವಽ ಓದ್ರಿ. ಇಷ್ಟ ದಿನ ನಾ ಎರಡ ಕೂಡಿಸಿ ಹೇಳ್ತಿದ್ದೆ."

ಮಾಲಕ ಮೀಟರು ಕಸಿದುಕೊಂಡ. "ನಾಳಿಂದ ಈ ಗೇಟಿನಾಗ ಕಾಲಿಡಬ್ಯಾಡ!" ಗದ್ದಲ ಎದ್ದಿತು. ನಾಲ್ಕು ಟ್ರ್ಯಾಕ್ಟರ್ ತಿರುಗಿ ಹೋದವು. ಎರಡು ಅಲ್ಲೇ ನಿಂತವು. ರಮಜಾನನ ಬೆನ್ನು ತಟ್ಟಿದವರು ಯಾರೂ ಇಲ್ಲ. ಒಬ್ಬ ಮುದುಕ ಅವನ ಚಪ್ಪಲಿಯ ಹತ್ತಿರ ಉಗುಳಿ ಹೋದ.

ಮಲ್ಲಕ್ಕನನ್ನು ವಾಪಸ್ ಬಿಡುವಾಗ ಟ್ರೇಲರಿನ ಬಳಿ ಮಾಂತೇಶ ಗಾಲಿ ಕೂಡಿಸುತ್ತಿದ್ದ. ಲಕ್ಷ್ಮಪ್ಪ ಬಸ್ಸು ಹತ್ತಿ ಹೋಗಿದ್ದನಂತೆ.

"ನಾಳೆ ನಮ್ಮ ಓಣಿಗೆ ಬಾ," ಅಂದಳು ಇಳಿಯುತ್ತ. "ಆ ಮಿಲ್ಲಿಗೆ ಹತ್ತಿ ಹಾಕಿದವರು ಇಪ್ಪತ್ತ ಮನಿಯವರದಾರ. ಎಲ್ಲಾರಿಗೂ ಹೇಳು."

"ಹೊಡೀತಾರ್ರಿ ಅವರು."

"ಹೊಡದ್ರ ಹೊಡಸ್ಕೊ."

ಮನೆಯಲ್ಲಿ ಶಗುಫ್ತಾ ಅವನ ಕೆನ್ನೆಯ ಬಾವು ನೋಡಿ ಯಾರೆಂದು ಕೇಳಿದಳು. ಅವನು ಎಲ್ಲವನ್ನೂ ಹೇಳಿದ. ಸುಳ್ಳು ಕೂಗುತ್ತಿದ್ದದ್ದು ಅವಳಿಗೂ ಗೊತ್ತಿರಲಿಲ್ಲ. "ಆ ಓಣಿಯವರ ಮದುವಿ ಊಟಕ್ಕ ಹೋಗಿದ್ನಲ್ರಿ ನಾ," ಅಂದಳು. "ಯಾವ ಮುಖಾ ಇಟಗೊಂಡ ಉಂಡ ಬಂದೆ?"

ಮರುದಿನ ಮುಂಜಾನೆ ಅವನು ಮಲ್ಲಕ್ಕನ ಓಣಿಗೆ ನಡೆದುಕೊಂಡೇ ಹೋದ. ಕಟ್ಟೆಯ ಮೇಲೆ ಜನ ಸೇರಿದ್ದರು. ಎರಡು ತಾಸು ನಿಲ್ಲಿಸಿ ಬೈದರು. ಕೊನೆಗೆ ಒಬ್ಬರು ಹಾಳೆ, ಪೆನ್ನು ತಂದು ಮುಂದಿಟ್ಟು, ಮಿಲ್ಲಿನ ಮೇಲೆ ದೂರು ಕೊಡಬೇಕು, ನಡೆದದ್ದನ್ನೆಲ್ಲ ಬರೆದು ಸಹಿ ಮಾಡು ಅಂದರು. ರಮಜಾನ್ ಕಟ್ಟೆಯ ಮೇಲೆ ಕೂತು ಬರೆಯತೊಡಗಿದ.