ಮಗಳ ಅಳತೆಯ ಲ್ಯಾಪ್‌ಟಾಪ್

ಮನೆಯಲ್ಲಿ ಓದುವವರಿಗೆ ಲ್ಯಾಪ್‌ಟಾಪ್ ಬೇಕಾದಾಗ ಒಂದು ವಿಚಿತ್ರ ನಡೆಯುತ್ತದೆ. ಅದರ ಮುಂದೆ ಒಂದು ದಿನವೂ ಕೂರದವರೆಲ್ಲ ಸಲಹೆ ಕೊಡುತ್ತಾರೆ. ದಿನವಿಡೀ ಕೂರಬೇಕಾದವರು ಮಾತ್ರ ಬಾಯಿ ಮುಚ್ಚಿಕೊಂಡಿರುತ್ತಾರೆ. ಮೂರನೇ ಮಹಡಿಯ ಆ ಎರಡು ಕೋಣೆಯ ಮನೆಯಲ್ಲೂ ಹಾಗೇ ಆಯಿತು.

ಆ ಮನೆಯ ಯಜಮಾನ ಇಪ್ಪತ್ತೆರಡು ವರ್ಷದಿಂದ ಒಂದೇ ಶೂ ಅಂಗಡಿಯಲ್ಲಿ ಸೇಲ್ಸ್‌ಮನ್. ಬೀದಿಯವರ ಬಾಯಲ್ಲಿ ಅವನು ಶೂ ಅಂಗಡಿ ಅಣ್ಣ. ಒಬ್ಬಳೇ ಮಗಳು. ಕಾಲೇಜಿನಲ್ಲಿ ಅಕೌಂಟೆನ್ಸಿ, ಎರಡನೇ ವರ್ಷ. ಅವಳ ತರಗತಿಯ ನಲವತ್ತು ಜನರಲ್ಲಿ ಇಬ್ಬರಿಗೆ ಮಾತ್ರ ಒಂದು ಆಡಿಟ್ ಆಫೀಸಿನಲ್ಲಿ ಮೂರು ತಿಂಗಳ ತರಬೇತಿ ಸಿಕ್ಕಿತ್ತು. ಆ ಇಬ್ಬರಲ್ಲಿ ಇವಳೂ ಒಬ್ಬಳು. ಒಂದನೇ ತಾರೀಕಿಗೆ ಹಾಜರಾಗಬೇಕು, ಸ್ವಂತ ಲ್ಯಾಪ್‌ಟಾಪ್ ತರಬೇಕು ಎಂದು ಆಫೀಸಿನವರು ಕಾಗದ ಕಳಿಸಿದ್ದರು.

ಲ್ಯಾಪ್‌ಟಾಪಿಗೆಂದೇ ಅಪ್ಪ ಅಮ್ಮ ಎರಡು ವರ್ಷದಿಂದ ಕೂಡಿಡುತ್ತಿದ್ದರು. ಒಂದು ಕೊಳ್ಳುವಷ್ಟಿತ್ತು. ಅದು ಕೆಲಸಕ್ಕೆ ಬಾರದೆ ಹೋದರೆ ಇನ್ನೊಂದು ಕೊಳ್ಳುವ ಮಾತೇ ಇಲ್ಲ. ತರಬೇತಿಯೂ ಕೈತಪ್ಪಿದಂತೆಯೇ.

ಭಾನುವಾರ ಅಪ್ಪ, ಮಗಳು ಅಂಗಡಿಗೆ ಹೋದರು. ಗಾಜಿನ ಬಾಗಿಲು, ತಣ್ಣನೆ ಗಾಳಿ, ಸಾಲಾಗಿ ತೆರೆದಿಟ್ಟ ಲ್ಯಾಪ್‌ಟಾಪ್‌ಗಳು. ಟೈ ಕಟ್ಟಿದ ಸೇಲ್ಸ್‌ಮನ್ ಒಬ್ಬ ಇವರನ್ನು ನೇರವಾಗಿ ಕೊನೆಯ ಮೇಜಿಗೆ ಕರೆದುಕೊಂಡು ಹೋದ. ಅಲ್ಲೊಂದು ದಪ್ಪನೆಯ ಕಪ್ಪು ಲ್ಯಾಪ್‌ಟಾಪ್ ಇತ್ತು. ಕೀಲಿಗಳ ಸಂದಿಯಿಂದ ಕೆಂಪು ಬೆಳಕು ಬರುತ್ತಿತ್ತು.

"ಸಾರ್, ಗೇಮ್ ಆಡೋರು ಮುಗಿಬಿದ್ದು ತಗೊಳ್ತಾರೆ ಇದನ್ನ. ಇದರಲ್ಲಿ ಓಡದೇ ಇರೋದು ಅಂತ ಯಾವುದೂ ಇಲ್ಲ" ಎಂದ ಆತ.

"ಮುಂದಕ್ಕೂ ಆಗುತ್ತಾ?"

"ಇರೋದೇ ಮುಂದಕ್ಕೆ ಸಾರ್! ಡಿಸ್ಕೌಂಟ್ ಬೇರೆ ಇದೆ. ಆದರೆ ಕೊನೇ ಪೀಸು."

ಶೂ ಅಂಗಡಿ ಅಣ್ಣ ದಿನಕ್ಕೆ ಹತ್ತು ಸಲ ಯಾರಿಗಾದರೂ 'ಕೊನೇ ಪೀಸು' ಅನ್ನುವವನು. ಒಳಗಿನ ಗೋಡೌನಿನಲ್ಲಿ ಇನ್ನೂ ಇಪ್ಪತ್ತು ಜೊತೆ ಇರುತ್ತವೆ ಎಂದು ಅವನಿಗೆ ಗೊತ್ತು. ಆದರೂ ಬೇರೆಯವರ ಬಾಯಿಂದ ಆ ಮಾತು ಕೇಳಿದಾಗ ಅವನೂ ನಂಬಿಬಿಟ್ಟ.

ಮಗಳು ಲ್ಯಾಪ್‌ಟಾಪನ್ನು ಎತ್ತಿ ನೋಡಿ ಮೆಲ್ಲಗೆ ಹೇಳಿದಳು, "ಅಪ್ಪಾ, ಸ್ವಲ್ಪ ಭಾರ ಅಲ್ವಾ?"

"ಭಾರ ಇದ್ರೇ ಗಟ್ಟಿ. ನೀನು ಸುಮ್ನಿರು."

ಅವಳು ಅದನ್ನು ಮೇಜಿನ ಮೇಲೆ ವಾಪಸ್ ಇಟ್ಟಳು. ದುಡ್ಡು ಬ್ಯಾಂಕಿನಲ್ಲಿತ್ತು, ಅಂದು ರಜೆ. ನಾಳೆ ಸಂಜೆಯವರೆಗೆ ತೆಗೆದಿಟ್ಟಿರುತ್ತೇನೆ ಎಂದು ಸೇಲ್ಸ್‌ಮನ್ ಮಾತು ಕೊಟ್ಟ. ಅಪ್ಪ ಗೆದ್ದವನ ಹಾಗೆ ಹೊರಗೆ ಬಂದ.

ಮನೆಯ ಮೆಟ್ಟಿಲ ಮೇಲೆ ಎರಡನೇ ಮಹಡಿಯ ಹೆಂಗಸು ಸಿಕ್ಕಳು. ಅವಳೂ ಒಂದು ಆಡಿಟ್ ಆಫೀಸಿನಲ್ಲಿ ಹತ್ತು ವರ್ಷದಿಂದ ಕೆಲಸ ಮಾಡುವವಳು. ಕಟ್ಟಡದ ಮಕ್ಕಳಿಗೆಲ್ಲ ಆಡಿಟ್ ಅಕ್ಕ. ಅಣ್ಣನಿಗೆ ಸುದ್ದಿ ಹೇಳದೆ ಇರಲಾಗಲಿಲ್ಲ. ಕೆಂಪು ಬೆಳಕಿನಿಂದ ಹಿಡಿದು ಡಿಸ್ಕೌಂಟಿನವರೆಗೆ ಎಲ್ಲ ಒಪ್ಪಿಸಿದ.

ಆಡಿಟ್ ಅಕ್ಕ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ತರಕಾರಿ ಚೀಲವನ್ನು ಮೆಟ್ಟಿಲ ಮೇಲೆ ಇಟ್ಟಳು. ಅವಳು ಚೀಲ ಕೆಳಗಿಟ್ಟಳೆಂದರೆ ಮಾತು ಬೇಗ ಮುಗಿಯುವುದಿಲ್ಲ ಎಂದೇ ಅರ್ಥ.

"ಅಣ್ಣಾ, ದುಡ್ಡು ಕೊಟ್ಟಾಯ್ತಾ?"

"ನಾಳೆ ಕೊಡ್ತೀನಿ."

"ಸದ್ಯ, ಬದುಕಿದ್ರಿ. ನಡೀರಿ, ನಿಮ್ಮನೇಲೇ ಕೂತು ಮಾತಾಡೋಣ" ಎಂದು ಅವಳು ಚೀಲ ಎತ್ತಿಕೊಂಡಳು.

ಅಣ್ಣನ ಮುಖ ಹುಳ್ಳಗಾಯಿತು. ಮನೆಗೆ ಬಂದು ಕುರ್ಚಿ ಎಳೆದುಕೊಟ್ಟನಾದರೂ ಪಟ್ಟು ಬಿಡಲಿಲ್ಲ. "ಅಲ್ಲ ತಂಗೀ, ಕೊಡೋ ದುಡ್ಡಿಗೆ ದೊಡ್ಡದೇ ತಗೊಂಡ್ರೆ ತಪ್ಪೇನು? ಇವತ್ತಲ್ಲ ನಾಳೆ ಬೇಕಾಗಬಹುದು."

"ಗೇಮ್ ಓಡಿಸೋಕೆ ಅಂತ ಅದರೊಳಗೆ ಗ್ರಾಫಿಕ್ಸ್ ಕಾರ್ಡ್ ಬೇರೆಯಾಗಿ ಇಟ್ಟಿರ್ತಾರೆ. ಬೆಲೆಯಲ್ಲಿ ದೊಡ್ಡ ಪಾಲು ಅದಕ್ಕೇ ಹೋಗೋದು. ಇವಳ ಲೆಕ್ಕಕ್ಕೆ ಅದು ಏನೂ ಮಾಡಲ್ಲ. ಸುಮ್ನೆ ಕೂತ್ಕೊಂಡು ಬ್ಯಾಟರಿ ತಿನ್ನುತ್ತೆ ಅಷ್ಟೆ."

ಒಳಗಿನಿಂದ ಹೆಂಡತಿ ಕೇಳಿದಳು, "ಮತ್ತೆ ಗೇಮ್ ಆಡೋರು ಯಾರ್ರೀ? ನೀವಾ?"

ಅಣ್ಣ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ಹಾಗಾದ್ರೆ ಅಗ್ಗದ್ದು ತಗೊಳ್ಳಲಾ? ಅಲ್ಲೇ ಪಕ್ಕದಲ್ಲಿ ತೆಳ್ಳಗಿರೋದು ಒಂದಿತ್ತು. ಅರ್ಧ ಬೆಲೆ."

"ಅದೂ ಬೇಡ. ತೀರಾ ಅಗ್ಗದ್ದರಲ್ಲಿ ಕೆಲವು ಬರೀ ಇಂಟರ್‌ನೆಟ್ ನೋಡೋಕೆ ಆಗೋವು. ಕಾಲೇಜಲ್ಲಿ ಕಲಿಸೋ ಅಕೌಂಟಿಂಗ್ ಸಾಫ್ಟ್‌ವೇರ್ ಅದರೊಳಗೆ ಇನ್‌ಸ್ಟಾಲೇ ಆಗಲ್ಲ. ನಮ್ಮ ಆಫೀಸಿಗೂ ಹೋದ ವರ್ಷ ತರಬೇತಿಗೆ ಬಂದ ಒಬ್ಬಳು ಅಂಥದ್ದೇ ತಂದಿದ್ಲು. ಮೂರು ತಿಂಗಳೂ ಬೇರೆಯವರ ಹೆಗಲ ಮೇಲಿಂದ ಇಣುಕಿ ನೋಡಿ ಹೋದ್ಲು, ಪಾಪ."

ಇದನ್ನು ಕೇಳಿ ಮಗಳು ಗೋಡೆಗೆ ಒರಗಿ ನಿಂತಳು. ಅವಳಿಗೆ ನಿಜವಾಗಿಯೂ ಭಯವಾಗಿತ್ತು.

ಆಡಿಟ್ ಅಕ್ಕ ಒಂದೊಂದಾಗಿ ಹೇಳಿದಳು. ಮೊದಲು ನೋಡಬೇಕಾದ್ದು ಬೇಕಾದ ಸಾಫ್ಟ್‌ವೇರ್ ಅದರಲ್ಲಿ ನಡೆಯುತ್ತದೆಯೇ ಎಂಬುದನ್ನು. ಕಾಲೇಜಿಗೂ ಆಫೀಸಿಗೂ ಒಂದು ಫೋನ್ ಮಾಡಿದರೆ ಗೊತ್ತಾಗುತ್ತದೆ. ಮೆಮೊರಿ, ಅಂದರೆ ರ‍್ಯಾಮ್, ಎಂಟು ಜಿಬಿಗಿಂತ ಕಡಿಮೆ ಬೇಡ. ಹದಿನಾರಾದರೆ ದೊಡ್ಡ ದೊಡ್ಡ ಎಕ್ಸೆಲ್ ಶೀಟ್ ತೆರೆದಾಗ ತಿಣುಕುವುದಿಲ್ಲ. ಒಳಗೆ ಹಳೆಯ ಕಾಲದ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಇರಲಿ, ಬೇಗ ತೆರೆದುಕೊಳ್ಳುತ್ತದೆ. ಪ್ರೊಸೆಸರ್, ಅಂದರೆ ಎಲ್ಲ ಕೆಲಸ ನಡೆಸುವ ಚಿಪ್, ಮಧ್ಯಮ ದರ್ಜೆಯದು ಸಾಕು.

"ಆಮೇಲೆ ಅಣ್ಣಾ, ಕೀಬೋರ್ಡಿನ ಬಲಗಡೆ ಅಂಕಿಗಳದ್ದೇ ಒಂದು ಗುಂಪು ಇರುತ್ತೆ ನೋಡಿ, ಕ್ಯಾಲ್ಕ್ಯುಲೇಟರ್ ಥರ. ನಂಬರ್ ಪ್ಯಾಡ್ ಅಂತಾರೆ. ಇವಳು ದಿನಕ್ಕೆ ಸಾವಿರಾರು ಅಂಕಿ ಹೊಡೀಬೇಕು. ಅದು ಇಲ್ಲದೇ ಹೋದ್ರೆ ಮೇಲಿನ ಸಾಲಲ್ಲಿ ಒಂದೊಂದೇ ಹುಡುಕಿ ಹುಡುಕಿ ಬೆರಳು ಸವೆಯುತ್ತೆ."

"ಅದನ್ನ ಬೇರೆ ತಂದು ಸಿಕ್ಕಿಸಬಹುದಲ್ವಾ ಅಕ್ಕಾ?" ಎಂದಳು ಮಗಳು. ಅಷ್ಟು ಹೊತ್ತಿನಲ್ಲಿ ಅವಳ ಮೊದಲ ಮಾತು.

"ಸಿಕ್ಕಿಸಬಹುದು ಕಣೇ, ಯುಎಸ್‌ಬಿದು ಕಮ್ಮಿ ಬೆಲೆಗೇ ಸಿಗುತ್ತೆ. ಒಳ್ಳೆ ಪ್ರಶ್ನೆ ಕೇಳಿದೆ."

ಅಣ್ಣ ಕೊನೆಯ ಬಾಣ ಬಿಟ್ಟ. "ನೀನು ಹೇಳೋದು ಸರಿ ತಂಗೀ. ಆದ್ರೆ ನಮ್ಮ ಕೈಲಾಗೋದು ಒಂದೇ ಸಲ. ಅದಕ್ಕೇ ಎರಡು ಮೆಟ್ಟಿಲು ಮೇಲಿನದೇ ಇರಲಿ ಅಂತ."

ಆಡಿಟ್ ಅಕ್ಕ ಚೀಲ ತೆಗೆದುಕೊಂಡು ಹೊರಟಳು. ಹೇಳುವಷ್ಟು ಹೇಳಿದ್ದಳು. ಆ ರಾತ್ರಿ ಅವನ ಮನಸ್ಸು ಬದಲಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅವನು ಹೊಟ್ಟೆ ತುಂಬ ಉಂಡು ಮಲಗಿದ.

ಮರುದಿನ ಬೆಳಗ್ಗೆ ಬ್ಯಾಂಕಿನಿಂದ ದುಡ್ಡು ತೆಗೆದು ಕೆಲಸಕ್ಕೆ ಹೋದ. ಹನ್ನೊಂದು ಗಂಟೆಗೆ ಒಬ್ಬ ತಾಯಿ ಮಗಳಿಗೆ ಸ್ಕೂಲ್ ಶೂ ಕೊಡಿಸಲು ಬಂದಳು. ಏಳೆಂಟು ವರ್ಷದ ಹುಡುಗಿ. ಅಣ್ಣ ಕಾಲಿನ ಅಳತೆ ತೆಗೆದ.

"ಎರಡು ನಂಬರ್ ದೊಡ್ಡದೇ ಕೊಡಿ. ಪದೇ ಪದೇ ಕೊಡಿಸೋಕಾಗಲ್ಲ, ಮುಂದಕ್ಕೂ ಆಗಲಿ" ಎಂದಳು ತಾಯಿ.

ಇಂಥವರು ಅವನಿಗೆ ಹೊಸಬರಲ್ಲ. ಅವನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಎಂದಿನ ಮಾತನ್ನು ಎಂದಿನ ಹಾಗೆಯೇ ಹೇಳಿದ. "ಬೇಡಮ್ಮಾ. ಬೆಳೆಯೋ ಕಾಲಿಗೆ ಒಂದು ಬೆರಳಿನಷ್ಟು ಜಾಗ ಬಿಟ್ರೆ ಸಾಕು. ಎರಡು ನಂಬರ್ ದೊಡ್ಡದು ಹಾಕಿದ್ರೆ ಮಗು ಎಡವುತ್ತೆ, ಹಿಮ್ಮಡಿ ಕಿತ್ತು ಹೋಗುತ್ತೆ. ಕಾಲು ದೊಡ್ಡದಾಗೋ ಹೊತ್ತಿಗೆ ಶೂ ಸವೆದಿರುತ್ತೆ." ಆಮೇಲೆ ಹುಡುಗಿಯ ಕಡೆ ತಿರುಗಿದ. "ಪುಟ್ಟೀ, ಸ್ಕೂಲಿಗೆ ನಡ್ಕೊಂಡು ಹೋಗ್ತೀಯಾ, ಬಸ್ಸಲ್ಲಾ? ಆಟದ ಪೀರಿಯಡ್ಡಲ್ಲಿ ಓಡ್ತೀಯಾ, ಕೂತಿರ್ತೀಯಾ?"

ಹುಡುಗಿ ಎಲ್ಲ ಹೇಳಿದಳು. ಓಟದಲ್ಲಿ ತಾನೇ ಮೊದಲು ಎಂಬುದನ್ನೂ ಹೇಳಿದಳು.

ಅಣ್ಣನ ಕೈ ಶೂ ದಾರದ ಮೇಲೆ ಹಾಗೆಯೇ ನಿಂತಿತು. ಯಾರದೋ ಮಗುವಿಗೆ ಎರಡು ನಿಮಿಷದಲ್ಲಿ ಇಷ್ಟು ಪ್ರಶ್ನೆ ಕೇಳಿದ್ದ. ನಿನ್ನೆ ಎರಡು ಗಂಟೆ ಅಂಗಡಿಯಲ್ಲಿ ಇದ್ದರೂ ಸ್ವಂತ ಮಗಳಿಗೆ ಒಂದೂ ಕೇಳಿರಲಿಲ್ಲ. ಅವಳು ಆಡಿದ ಒಂದು ಮಾತಿಗೂ ಬಾಯಿ ಮುಚ್ಚಿಸಿದ್ದ. ಅವನಿಗೆ ನಾಚಿಕೆಯಾಯಿತು. ಹುಡುಗಿಗೆ ಸರಿಯಾದ ಜೊತೆ ಹಾಕಿ, ದಾರ ಕಟ್ಟಿ, ಹೊರಗೆ ಹೋಗಿ ಮಗಳಿಗೆ ಫೋನ್ ಮಾಡಿದ.

"ಏನಮ್ಮಾ, ಆ ಆಫೀಸಲ್ಲಿ ನಿನಗೆ ಏನು ಕೆಲಸ ಇರುತ್ತೆ? ಎಲ್ಲಿ ಕೂರಿಸ್ತಾರೆ?"

ಅವಳು ಒಂದೊಂದೇ ಹೇಳುತ್ತಾ ಹೋದಳು. ವಾರದಲ್ಲಿ ಮೂರು ದಿನ ಬೇರೆ ಬೇರೆ ಕಂಪನಿಗಳಿಗೆ ಕಳಿಸುತ್ತಾರಂತೆ. ಎರಡು ಬಸ್ ಬದಲಿಸಬೇಕಂತೆ. ಅಲ್ಲಿ ಮೀಟಿಂಗ್ ರೂಮೋ ಗೋಡೌನೋ, ಜಾಗ ಸಿಕ್ಕಲ್ಲಿ ಕೂರಬೇಕಂತೆ. ಪ್ಲಗ್ ಪಾಯಿಂಟ್ ಸಿಗುತ್ತದೆಂಬ ನಂಬಿಕೆಯಿಲ್ಲ. ಒಂದು ಕಡೆ ಬಿಲ್ಲು ತೆರೆದುಕೊಂಡು, ಪಕ್ಕದಲ್ಲೇ ಎಕ್ಸೆಲ್ ಇಟ್ಟುಕೊಂಡು, ಎರಡನ್ನೂ ತಾಳೆ ನೋಡಬೇಕು. ಒಂದು ಅಂಕಿ ಹಿಂದೆ ಮುಂದೆ ಆದರೂ ಇಡೀ ಪುಟ ಮತ್ತೆ ನೋಡಬೇಕು. "ಹಾಗೆ ತಪ್ಪು ಹುಡುಕೋದೇ ನನಗಿಷ್ಟ ಅಪ್ಪಾ" ಎಂದಳು.

ಎರಡು ವರ್ಷ ಅವಳ ಫೀಸು ಕಟ್ಟಿದವನಿಗೆ ಅವಳಿಗೆ ಏನು ಇಷ್ಟ ಎಂದು ಗೊತ್ತಾಗಿದ್ದು ಅವತ್ತು. ಸಂಜೆ ಬೇಗ ಹೊರಟ. ಮಗಳನ್ನೂ ಆಡಿಟ್ ಅಕ್ಕನನ್ನೂ ಕರೆದುಕೊಂಡು ಲ್ಯಾಪ್‌ಟಾಪ್ ಅಂಗಡಿಗೆ ಹೋದ.

"ಸಾರ್, ಪ್ಯಾಕ್ ಮಾಡಿಟ್ಟಿದ್ದೀನಿ" ಎಂದ ಸೇಲ್ಸ್‌ಮನ್.

"ಬಿಚ್ಚಪ್ಪಾ. ಮೊದಲು ನನ್ನ ಮಗಳು ಕೆಲಸ ಮಾಡಿ ನೋಡ್ತಾಳೆ."

ಮಗಳು ಪೆನ್‌ಡ್ರೈವಿನಲ್ಲಿ ಕಾಲೇಜಿನ ಪ್ರಾಜೆಕ್ಟ್ ತಂದಿದ್ದಳು. ಅರವತ್ತು ಸಾವಿರ ಸಾಲಿನ ಶೀಟು. ಮೇಜಿನ ಮೇಲಿಟ್ಟಿದ್ದ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ತೆರೆದು ನೋಡಿದಳು. ಅಗ್ಗದ್ದು ತೆರೆಯಲಾರದೆ ಒದ್ದಾಡಿತು. ಕೆಂಪು ಬೆಳಕಿನದು ತಟ್ಟನೆ ತೆರೆಯಿತು, ಅದರಲ್ಲಿ ಎರಡು ಮಾತಿಲ್ಲ. ಮಧ್ಯದ ಸಾಲಿನಲ್ಲಿ ಬೂದು ಬಣ್ಣದ್ದೊಂದು ಇತ್ತು. ಅದೂ ಹೆಚ್ಚುಕಡಿಮೆ ಅಷ್ಟೇ ಬೇಗ ತೆರೆಯಿತು. ಬಲಗಡೆ ಅಂಕಿಗಳಿದ್ದವು. ಪರದೆ ಅಗಲವಾಗಿತ್ತು, ಬಿಲ್ಲೂ ಶೀಟೂ ಅಕ್ಕಪಕ್ಕ ಕೂತವು. ನೋಡಲು ಮಾತ್ರ ಏನೂ ಚಂದವಿರಲಿಲ್ಲ.

ಆಗ ಅಣ್ಣ ಒಂದು ಕೆಲಸ ಮಾಡಿದ. ಕೆಂಪು ಬೆಳಕಿನದನ್ನು, ಇಟ್ಟಿಗೆಯಂಥ ಅದರ ಚಾರ್ಜರ್ ಸಮೇತ, ಮಗಳ ಕಾಲೇಜು ಬ್ಯಾಗಿಗೆ ಹಾಕಿಸಿದ. "ಅಂಗಡಿ ಒಳಗಿನ ಮೆಟ್ಟಿಲು ಎರಡು ಸಲ ಹತ್ತಿ ಇಳಿ" ಎಂದ.

"ಸಾರ್, ಇದೇನು ಸಾರ್?" ಸೇಲ್ಸ್‌ಮನ್ ಕಕ್ಕಾಬಿಕ್ಕಿಯಾದ.

"ನಮ್ಮಂಗಡೀಲಿ ಹಾಕ್ಕೊಂಡು ನಡೆದು ನೋಡದೆ ಯಾರಿಗೂ ಕೊಡಲ್ಲ."

ಎಲ್ಲರೂ ತಿರುಗಿ ನೋಡಿದರು. ಮಗಳು ನಾಚಿಕೊಳ್ಳುತ್ತಲೇ ಹತ್ತಿಳಿದಳು. ಎರಡನೇ ಸಲಕ್ಕೆ ಭುಜ ಒಂದು ಕಡೆ ವಾಲಿತ್ತು. ಬೂದು ಬಣ್ಣದ್ದನ್ನು ಹಾಕಿಕೊಂಡು ಮೂರು ಸಲ ಹತ್ತಿದಳು. ಆಮೇಲೆ ಬಂದು, "ಅಪ್ಪಾ, ಇದು" ಎಂದಳು. ಅಷ್ಟು ಗಟ್ಟಿಯಾಗಿ ಅವಳು ಏನನ್ನೂ ಬೇಕೆಂದು ಕೇಳಿದ್ದು ಅವನಿಗೆ ನೆನಪಿರಲಿಲ್ಲ.

ಅಲ್ಲಿಂದ ಮುಂದೆ ಸೇಲ್ಸ್‌ಮನ್ನೂ ಸರಿದಾರಿಗೆ ಬಂದ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು ಆಡಿಟ್ ಅಕ್ಕ ಕೇಳಿದಳು. ಬರೀ ಲೆಕ್ಕದ ಕೆಲಸವಾದರೆ ಏಳು ಗಂಟೆ, ಕೆಂಪು ಬೆಳಕಿನದು ಮೂರು ಗಂಟೆ ಬಂದರೆ ಹೆಚ್ಚು ಎಂದು ಆತ ಒಪ್ಪಿಕೊಂಡ. ಕಾಲೇಜಿನ ಅಕೌಂಟಿಂಗ್ ಸಾಫ್ಟ್‌ವೇರ್ ಇದರಲ್ಲಿ ನಡೆಯುತ್ತದೆಯೇ, ಮೆಮೊರಿ ಆಮೇಲೆ ಹೆಚ್ಚಿಸಲು ಬರುತ್ತದೆಯೇ, ವಾರಂಟಿ ಎಷ್ಟು, ರಿಪೇರಿ ಇದೇ ಊರಿನಲ್ಲಿ ಆಗುತ್ತದೆಯೇ ಎಂದೂ ಕೇಳಿದಳು. ಕಾಲೇಜಿನ ಗುರುತಿನ ಚೀಟಿ ತೋರಿಸಿದ್ದಕ್ಕೆ ವಿದ್ಯಾರ್ಥಿಗಳ ರಿಯಾಯಿತಿಯೂ ಸಿಕ್ಕಿತು. ಬಿಲ್ಲು ಮಗಳ ಹೆಸರಿಗೇ ಆಯಿತು.

ಒಂದನೇ ತಾರೀಕು ಸಂಜೆ ಮಗಳು ತರಬೇತಿಯಿಂದ ಮನೆಗೆ ಬಂದಳು. ಅಪ್ಪ, ಅಮ್ಮ, ಆಡಿಟ್ ಅಕ್ಕ ಮೂವರೂ ಕಾಯುತ್ತಿದ್ದರು.

"ಹೇಗಿತ್ತೇ?"

"ಚೆನ್ನಾಗಿತ್ತು. ಮೊದಲನೇ ದಿನವೇ ಗೋಡೌನಿಗೆ ಕಳಿಸಿದ್ರು. ಅಲ್ಲಿ ಇದ್ದಿದ್ದೇ ಒಂದು ಪ್ಲಗ್, ಅದರಲ್ಲಿ ಫ್ಯಾನ್ ಓಡ್ತಿತ್ತು. ನನ್ನದು ಸಂಜೆವರೆಗೂ ಬಂತು." ಅವಳು ನೀರು ಕುಡಿದು ಸ್ವಲ್ಪ ತಡೆದು ಹೇಳಿದಳು, "ನನ್ನ ಜೊತೆ ಇನ್ನೊಬ್ಬಳು ಸೆಲೆಕ್ಟ್ ಆಗಿದ್ಲಲ್ಲಾ ಅಪ್ಪಾ, ಅವಳ ಹತ್ರ ಇರೋದು ಅದೇ, ಕೆಂಪು ಲೈಟಿಂದು. ಮಧ್ಯಾಹ್ನಕ್ಕೆ ಮುಂಚೆಯೇ ಆಫ್ ಆಗೋಯ್ತು. ಪಾಪ, ಆಮೇಲೆ ಪೂರ್ತಿ ಪೇಪರಲ್ಲಿ ಬರ್ಕೊಂಡು ಕೂತಿದ್ಲು. ಅಳೋದೊಂದು ಬಾಕಿ."

ಆಡಿಟ್ ಅಕ್ಕ ಅಣ್ಣನ ಮುಖ ನೋಡಿದಳು. ಅವನು ಎದ್ದು ಹೋಗಿ ಅಟ್ಟದ ಮೇಲಿಂದ ಎಕ್ಸ್‌ಟೆನ್ಷನ್ ಬೋರ್ಡ್ ತೆಗೆದು, ಧೂಳು ಒರೆಸಿ, ಮಗಳ ಬ್ಯಾಗಿನ ಪಕ್ಕ ಇಟ್ಟ.

"ನಾಳೆ ಇದನ್ನ ತಗೊಂಡು ಹೋಗು. ಫ್ಯಾನೂ ಇರಲಿ, ಅವಳದ್ದೂ ಓಡಲಿ" ಎಂದ. ಆಮೇಲೆ, "ಆ ಮಗೂನ ಅವರಪ್ಪ ಒಂದು ಮಾತೂ ಕೇಳಿರಲ್ಲ" ಎಂದ.

ಈ ಕಥೆ ಅಚ್ಚಾದ ಹಾಳೆಯನ್ನು ಕೈಯಲ್ಲಿ ಹಿಡಿದಿರುವ ಅಪ್ಪಂದಿರೇ, ಅಮ್ಮಂದಿರೇ, ದುಡ್ಡು ಕೊಡುವವರು ನೀವು, ನಿಜ. ಆದರೆ ಲ್ಯಾಪ್‌ಟಾಪನ್ನು ಹೊತ್ತು ತಿರುಗುವವರು, ಅದರ ಮುಂದೆ ಕೂರುವವರು ಬೇರೆ. ಹಾಳೆಯ ಹಿಂಬದಿಯನ್ನು ಖಾಲಿ ಬಿಟ್ಟಿದ್ದೇವೆ. ಅಂಗಡಿಗೆ ಹೋಗುವ ಮೊದಲು ಇದನ್ನೂ ಒಂದು ಪೆನ್ನನ್ನೂ ಮನೆಯ ವಿದ್ಯಾರ್ಥಿಯ ಕೈಗೆ ಕೊಡಿ. ಯಾವ ಕೆಲಸ, ಯಾವ ಸಾಫ್ಟ್‌ವೇರ್, ಎಲ್ಲಿ ಕೂತು, ಎಷ್ಟು ಹೊತ್ತು, ಎಲ್ಲವನ್ನೂ ಅವರೇ ಬರೆಯಲಿ. ಪಕ್ಕದಲ್ಲಿ ಕೂತು ಪೂರ್ತಿ ಓದಿ, ತಿಳಿಯದಿದ್ದರೆ ಕೇಳಿ. ದುಡ್ಡನ್ನು ಆಮೇಲೆ ಜೇಬಿಗೆ ಹಾಕಿಕೊಳ್ಳಿ.