ಬಿಸಿನೀರಿಗೆ ಬಿದ್ದ ಅಂಗಿ

ಉಡುಪಿಯ ಮಕ್ಕಳ ಹಾಸ್ಟೆಲಿನಲ್ಲಿ ಹದಿನೆಂಟು ವರ್ಷ ವಾರ್ಡನ್ ಆಗಿ ಮೆರೆದ ಪದ್ಮಜಾಳಿಗೆ, ಮಕ್ಕಳನ್ನು ನೋಡಿಕೊಳ್ಳುವುದು ಹೇಗೆಂದು ಅಮೆರಿಕದ ವುಡ್‌ಬ್ರಿಡ್ಜಿನಲ್ಲಿ ಕಲಿಸಲು ಕುಳಿತವಳು ಟ್ರೇಸಿ ಎಂಬ ಪೋರಿ. ಮೂಗಿನಲ್ಲಿ ನತ್ತು, ಕೈಯಲ್ಲಿ ಯಾವಾಗಲೂ ಒಂದು ಬಕೆಟ್ಟಿನಷ್ಟು ಕಾಫಿ. ಒಂದು ಮಗುವಿನ ಸಿಂಬಳ ಒರೆಸಿದ ಕೈ ಅಲ್ಲ ಅದು ಎಂದು ಪದ್ಮಜಾ ಮೊದಲ ದಿನವೇ ತೀರ್ಪು ಕೊಟ್ಟುಬಿಟ್ಟಳು. ಆದರೆ ಮಾಡುವುದೇನು? ಗಂಡ ಕರುಣಾಕರನನ್ನು ಮ್ಯಾನ್‌ಹಟನ್ನಿನ ಬ್ಯಾಂಕು ಒಂದು ರಟ್ಟಿನ ಪೆಟ್ಟಿಗೆ ಕೊಟ್ಟು ಮನೆಗೆ ಕಳಿಸಿತ್ತು. ಟ್ರೇಸಿ ಪಾಸು ಮಾಡಿದರೆ ಮಾತ್ರ ಈ ಮಕ್ಕಳ ಮನೆಯಲ್ಲಿ ಪದ್ಮಜಾಳ ಕೆಲಸ ಖಾಯಂ. ಅಲ್ಲಿಯವರೆಗೆ ಅವಳು, ಈ ವಯಸ್ಸಿನಲ್ಲಿ, ಅಪ್ರೆಂಟಿಸ್.

"ಇವತ್ತು ಎಂಥ ಕಲಿಸಿದ್ರು?" ಎಂದು ಕರುಣಾಕರ ಸೋಫಾದಿಂದಲೇ ಕೇಳಿದ.

"ಬಾಗಿಲು ತಟ್ಟುದು. ಮಗುವಿನ ಕೋಣೆಗೆ ಹೋಗುವ ಮೊದಲು ತಟ್ಟಬೇಕಂತೆ. ಏಳು ವರ್ಷದ್ದು ಮಾರಾಯ್ರೆ, ಗವರ್ನರ್ ಅಲ್ಲ!"

"ತಟ್ಟಿದ್ಯಾ?"

"ತಟ್ಟಿದೆ. 'ಗೋ ಅವೇ' ಅಂತು."

ಕರುಣಾಕರ ಹೊಟ್ಟೆ ಹಿಡಿದು ನಕ್ಕ. ಕೆಲಸ ಹೋದ ಮೇಲೆ ಅವನಿಗೆ ನಗು ಬರುತ್ತಿದ್ದುದು ಈ ವರದಿಗೆ ಮಾತ್ರ. ಅದಕ್ಕೇ ಅವಳು ದಿನವೂ ಸ್ವಲ್ಪ ಒಗ್ಗರಣೆ ಹಾಕಿಯೇ ಬಡಿಸುತ್ತಿದ್ದಳು.

"ಇನ್ನೊಂದು ಕೇಳಿ. ಮಕ್ಕಳು ತಂದ ಬಟ್ಟೆಯನ್ನು ಅವರನ್ನು ಕೇಳದೆ ಒಗೀಬಾರದಂತೆ. ಈ ಊರಲ್ಲಿ ಕೊಳಕಿಗೂ ಕಾನೂನು ಉಂಟು."

ಆ ಏಳು ವರ್ಷದ್ದು ಮರೀಸಾ. ಪಕ್ಕದ ಕ್ರ್ಯಾನ್‌ಬರಿ ಊರಿನ ಗೋದಾಮಿನಲ್ಲಿ ತಾಯಿಯ ಕೆಲಸ ಹೋಗಿ, ಹಿಂದೆಯೇ ಮನೆಯೂ ಹೋಗಿ, ತಾಯಿ ಮಗಳು ಕಾರಿನಲ್ಲಿ ಮಲಗುತ್ತಿದ್ದರಂತೆ. ಸರಕಾರದವರು ಮಗುವನ್ನು ತಂದು ಇಲ್ಲಿ ಬಿಟ್ಟಿದ್ದರು. ಬೆಕ್ಕು ಕೂಡ ಮರಿಗೆ ಅಟ್ಟ ಹುಡುಕುತ್ತದೆ, ಇವಳೆಂಥ ತಾಯಿ, ಎಂದು ಪದ್ಮಜಾ ಮನಸ್ಸಿನಲ್ಲೇ ಉಗಿದಿದ್ದಳು. ಮಗುವಿನ ದಿಂಬಿನಡಿ ಆ ತಾಯಿಯದೇ ಒಂದು ಬೂದು ಸ್ವೆಟ್‌ಶರ್ಟ್ ಇತ್ತು, ಟೋಪಿ, ಝಿಪ್ಪು ಇರುವಂಥದ್ದು. ಕಾಲರು ಕಪ್ಪಗೆ, ತೋಳಿನಲ್ಲಿ ಸಾಸಿನ ಕಲೆ.

ಉಡುಪಿಯ ಹಾಸ್ಟೆಲಿನಲ್ಲಿ ಹೊಸ ಮಗು ಹೊಸ್ತಿಲು ದಾಟುವ ಮೊದಲೇ ಅದರ ಬಟ್ಟೆ ಕುದಿಯುವ ಹಂಡೆಗೆ ಬೀಳುತ್ತಿತ್ತು. ಹೇನು ಸಾಯಬೇಕಲ್ಲ. ಹಳೆ ಅಂಗಿಯ ಜೊತೆ ಹಳೆ ಅಳುವೂ ಹೋಗುತ್ತದೆ ಎನ್ನುವುದು ಪದ್ಮಜಾಳ ಸ್ವಂತ ಗಾದೆ. ಮಕ್ಕಳು ಶಾಲೆಗೆ, ಟ್ರೇಸಿ ಮೀಟಿಂಗಿಗೆ ಹೋದ ಹೊತ್ತು ನೋಡಿ ಅವಳು ಸ್ವೆಟ್‌ಶರ್ಟನ್ನು ಬಿಸಿನೀರಿಗೆ ಹಾಕಿದಳು. ಲ್ಯಾವೆಂಡರ್ ಸೋಪು ಸುರಿದು, ಸಾಲದೆಂದು ಮೆಶಿನನ್ನು ಮತ್ತೊಮ್ಮೆ ತಿರುಗಿಸಿದಳು. ಮಡಚಿ ದಿಂಬಿನಡಿ ಇಟ್ಟಾಗ ಮದುಮಗಳ ಪೆಟ್ಟಿಗೆಯಂತೆ ಘಮಘಮ.

ಸಂಜೆ ಮರೀಸಾ ಅದನ್ನು ಎಳೆದು ಮುಖಕ್ಕೆ ಒತ್ತಿಕೊಂಡಳು. ತೋಳು ಮೂಸಿದಳು, ಟೋಪಿ ಮೂಸಿದಳು, ಒಳಗೆ ತಲೆ ತೂರಿಸಿ ಮೂಸಿದಳು. ಅಳಲಿಲ್ಲ.

"ವೇರ್ ಡಿಡ್ ಶೀ ಗೋ?"

"ಯಾರು ಮಗಾ?"

"ಮೈ ಮಾಮ್. ಶೀ ವಾಸ್ ಇನ್ ಹಿಯರ್."

ಅಷ್ಟು ಹೇಳಿ ಮಂಚದಡಿ ತೂರಿದ ಮಗು ಊಟಕ್ಕೂ ಬರಲಿಲ್ಲ. ಟ್ರೇಸಿ ಬಂದಳು, ಬಾಗಿಲು ತಟ್ಟಿದಳು, ಮಂಚದ ಪಕ್ಕ ಬರಿ ನೆಲದಲ್ಲಿ ಬೋರಲು ಬಿದ್ದುಕೊಂಡಳು. ಮಾತಿಲ್ಲ, ಕತೆಯಿಲ್ಲ. ಆಹಾ, ಸಂಬಳ ತೆಗೆದುಕೊಂಡು ನೆಲಕ್ಕೆ ಬೀಳುವ ವಿದ್ಯೆ, ಎಂದುಕೊಂಡಳು ಪದ್ಮಜಾ. ಬಹಳ ಹೊತ್ತಿನ ಮೇಲೆ ಮಂಚದಡಿಯಿಂದ ಒಂದು ಪುಟ್ಟ ಕೈ ಬಂದು ಟ್ರೇಸಿಯ ಬೆರಳು ಹಿಡಿಯಿತು.

"ಅದು ತುಂಬ ಕೊಳೆಯಾಗಿತ್ತು," ಎಂದಳು ಪದ್ಮಜಾ, ಅಡಿಗೆಮನೆಯಲ್ಲಿ.

"ಹೌದು. ಅವಳಿಗೆ ಬೇಕಾಗಿದ್ದೇ ಆ ಕೊಳೆ," ಎಂದಳು ಟ್ರೇಸಿ. "ಭಾನುವಾರ ತಾಯಿ ಬರುತ್ತಾಳೆ. ನೀವೇ ಹೇಳಿ. ನಿಮ್ಮ ಪಾಸಿನ ಮಾತು ಆಮೇಲೆ."

ಅವತ್ತು ಕರುಣಾಕರ "ಎಂಥ ಕಲಿಸಿದ್ರು?" ಎಂದರೆ ಪದ್ಮಜಾ "ಎಂಥದೂ ಇಲ್ಲ," ಎಂದು ಅನ್ನಕ್ಕಿಟ್ಟಳು.

ಭಾನುವಾರ ತಾಯಿ ಬಂದಳು. ಎಲ್ಲೋ ಪೆಟ್ರೋಲ್ ಬಂಕಿನ ನಲ್ಲಿಯಲ್ಲಿ ಒದ್ದೆಮಾಡಿ ಬಾಚಿದ ಕೂದಲು, ಎಲ್ಲಿ ಇಸ್ತ್ರಿ ಮಾಡಿದಳೋ, ಗರಿಗರಿ ಅಂಗಿ. ಪದ್ಮಜಾ ಹೇನು, ರೋಗ, ಸ್ವಚ್ಛತೆ ಎಂದು ದೊಡ್ಡ ಭಾಷಣ ಕಟ್ಟಿಕೊಂಡು ನಿಂತಿದ್ದಳು. ಬಾಯಿಂದ ಬಂದದ್ದು ಇಷ್ಟೇ: "ನಾನು ಒಗೆದುಬಿಟ್ಟೆ. ಹೋಗುವವರೆಗೆ ಇದನ್ನು ನೀವು ಹಾಕಿಕೊಳ್ತೀರಾ?"

ಹೆಂಗಸು ಸ್ವೆಟ್‌ಶರ್ಟ್ ಮೂಸಿದಳು. ಆಮೇಲೆ ಪದ್ಮಜಾಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆ ನೋಟದ ಗುರುತು ಪದ್ಮಜಾಳಿಗೆ ಚೆನ್ನಾಗಿ ಇತ್ತು. ಟ್ರೇಸಿಯ ಕಡೆ ಇಷ್ಟು ದಿನ ತಾನೇ ಎಸೆದದ್ದು.

"ನಿಮಗೆ ಈ ಕೆಲಸ ಹೊಸದಾ?"

ಹದಿನೆಂಟು ವರ್ಷ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು.

"ಹೌದು," ಎಂದಳು. "ಅಪ್ರೆಂಟಿಸ್."

ಬಾಗಿಲಲ್ಲಿ ನಿಂತಿದ್ದ ಟ್ರೇಸಿ ಕಾಫಿ ಹೀರಿ, "ಪಾಸಿನ ಮಾತು ಚಳಿಗಾಲಕ್ಕೆ ನೋಡೋಣ. ಅಲ್ಲಿವರೆಗೆ ನನ್ನ ಜೊತೆಗೇ ಇರಿ," ಎಂದಳು. ನತ್ತಿನ ಪೋರಿ! ಆದರೂ ಪದ್ಮಜಾ ತಲೆಯಾಡಿಸಿದಳು.

ಹೊರಗೆ ಜೂನ್ ತಿಂಗಳ ಸೆಕೆ. ತಾಯಿ ಸ್ವೆಟ್‌ಶರ್ಟ್ ತೊಟ್ಟು, ಝಿಪ್ಪನ್ನು ಗಂಟಲಿನವರೆಗೆ ಎಳೆದುಕೊಂಡು, ನೆರಳಿನ ಬೆಂಚು ಬಿಟ್ಟು, ಮಗುವನ್ನು ಕರೆದುಕೊಂಡು ಹೋಗಿ ಬಿಸಿಲಿನಲ್ಲೇ ಕುಳಿತಳು, ತನ್ನ ಮೈ ಚೆನ್ನಾಗಿ ಬೆವರಲಿ ಎಂದು.